ಎರಡನೇ ಲೋಟದ ಹೊತ್ತು

ನವೆಂಬರ್ ೧೨, ಬುಧವಾರ

ಇವತ್ತು ಡಾಕ್ಟರ ಮುಂದೆ ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ.

"ಹೊಸ ಔಷಧಿ ಹೇಗಿದೆ?" ಎಂದು ಕೇಳಿದರು. "ಒಂದೇ ಸಲ ಕುಡೀತೀನಿ ಸಾರ್, ಬೆಳಗಿನ ತನಕ ಒಳ್ಳೇ ನಿದ್ದೆ," ಎಂದು ನಮ್ಮ ಯಜಮಾನರು ಮುಖವರಳಿಸಿದರು.

ಹೊಲಿಗೆ ಮಿಷನ್ನಿನ ಮೇಲೇ ನಿದ್ದೆಗೆ ಜಾರುವ, ನಕ್ಕರೆ ಮೊಣಕಾಲು ಕುಸಿಯುವ ಕಾಯಿಲೆ ಇವರದು. ಅದಕ್ಕೇ ಹಗಲು ಮನೆಯಲ್ಲಿ ಯಾರೂ ತಮಾಷೆ ಮಾಡುವುದಿಲ್ಲ. ಹಳೆಯ ಔಷಧಿಯನ್ನು ರಾತ್ರಿ ಎರಡು ಸಲ ಕುಡಿಯಬೇಕಿತ್ತು. ನಡುರಾತ್ರಿ ಎಬ್ಬಿಸಿ ಎರಡನೇ ಲೋಟ ಕೊಡುತ್ತಿದ್ದವಳು ನಾನು. ಮತ್ತೆ ನಿದ್ದೆ ಹತ್ತುವ ತನಕ ಮಾತಾಡುತ್ತಿದ್ದೆವು. ಮಲಗಿದ್ದವರು ಬೀಳುವ ಭಯವಿಲ್ಲವಲ್ಲ, ನಮ್ಮ ಹೊಲಿಗೆ ಅಂಗಡಿಗೆ ಬಂದವರನ್ನೆಲ್ಲ ಅಣಕಿಸಿ ನಗಿಸುತ್ತಿದ್ದೆ. "ಸಾಕು ಕಣೇ, ಹೊಟ್ಟೆ ನೋಯುತ್ತೆ," ಎಂದು ತೊದಲುತ್ತಿದ್ದರು.

ಆಮೇಲೆ ಇವರಿಗೆ ಫಿಟ್ಸ್ ಬಂತು. ಅದರ ಮಾತ್ರೆ ಜೊತೆಯಾದ ಮೇಲೆ ರಾತ್ರಿಯ ಔಷಧಿ ಮೈಯಲ್ಲಿ ಅತಿಯಾಗಿ ನಿಲ್ಲತೊಡಗಿತು. ಒಂದು ಬೆಳಗ್ಗೆ ಎಷ್ಟು ಅಲುಗಿಸಿದರೂ ಏಳಲಿಲ್ಲ. ನನ್ನ ಜೀವ ಬಾಯಿಗೆ ಬಂದಿತ್ತು. ಡಾಕ್ಟರು ಪ್ರಮಾಣ ತಗ್ಗಿಸಿ, ನೀರಿಗೆ ಬೆರೆಸಿ ಒಮ್ಮೆ ಕುಡಿದರೆ ರಾತ್ರಿಯಿಡೀ ನಿಧಾನವಾಗಿ ಮೈಗಿಳಿಯುವ ಈ ಪುಡಿ ಬರೆದುಕೊಟ್ಟರು.

"ನೀವೇನಾದ್ರೂ ಹೇಳೋದಿದ್ಯಾ ಅಮ್ಮಾ?" ಎಂದು ನನ್ನನ್ನೂ ಕೇಳಿದರು. ಏನು ಹೇಳಲಿ? ಬದುಕಿದ್ದಾರೆ, ಚೆನ್ನಾಗಿ ನಿದ್ದೆ ಮಾಡುತ್ತಾರೆ, ಆದರೆ ನಗುವುದನ್ನು ನೋಡಿ ತಿಂಗಳುಗಳೇ ಆದವು ಎನ್ನಲೇ?

"ಏನಿಲ್ಲ ಡಾಕ್ಟ್ರೇ, ಎಲ್ಲಾ ಸರಿಯಾಗಿದೆ."

ಈಗಲೂ ನನಗೆ ಆ ಎರಡನೇ ಲೋಟದ ಹೊತ್ತಿಗೇ ಎಚ್ಚರವಾಗುತ್ತದೆ. ಇವತ್ತು ಸಂಜೆ ಡೊಳ್ಳುಹೊಟ್ಟೆಯವರೊಬ್ಬರು ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ನಿಂತಿದ್ದರು, ಅಷ್ಟರಲ್ಲಿ ಕೆಮ್ಮು ಬಂದು ಹೊಟ್ಟೆ ಮುಂದಕ್ಕೆ ಚಿಮ್ಮಿತು. ಈ ರಾತ್ರಿ ಎಚ್ಚರವಾದಾಗ ಅದನ್ನು ಹೇಳಬೇಕೆನಿಸಿ ಇವರ ಭುಜ ಮುಟ್ಟಿದೆ. ಕದಲಲಿಲ್ಲ. ಕತ್ತಲಲ್ಲಿ ಮೆಲ್ಲಗೆ ಹೇಳಿಯೂ ನೋಡಿದೆ.

ನನಗೇ ನಗು ಬರಲಿಲ್ಲ.