ಟ್ಯಾಂಕಿಗೆ ಹಿಂದಿರುಗುವ ನೀರು

ಹಿರೇಹಳ್ಳ, ಹದಿಮೂರನೆಯ ತಿಂಗಳ ಹುಣ್ಣಿಮೆ,
ಹಳ್ಳ ಮತ್ತೆ ಹರಿಯತೊಡಗಿದ ತೊಂಬತ್ತನೆಯ ವರ್ಷ

ಪಂಪಿನ ಅಂಗಡಿಯ ಮುಂದೆ ನಿಂತು ಯಾವುದನ್ನು ಕೊಳ್ಳಲಿ ಎಂದು ಯೋಚಿಸುತ್ತಿರುವ ನಿಮಗೆ, ಹುಲ್ಲು ಕಾಯುವ ಗುರವ್ವನ ಶರಣು.

ತಾರೀಖು ಕಂಡು ಗಾಬರಿಯಾಗಬೇಡಿ. ನಿಮ್ಮ ಕಾಲಕ್ಕೆ ಹನ್ನೆರಡು ತಿಂಗಳು ಸಾಕಾಗಿದ್ದವಂತೆ. ನಮ್ಮಲ್ಲಿ ಬೇಸಿಗೆಗೆ ಬಾಲದಂತೆ ಇನ್ನೊಂದು ತಿಂಗಳು ಬೆಳೆದಿದೆ; ಕೆಂದೂಳು ಸೂರ್ಯನನ್ನು ಮುಚ್ಚುವ ಆ ತಿಂಗಳಿಗೆ ಮಬ್ಬುಮಾಸ ಎನ್ನುತ್ತೇವೆ. ಇಂಥ ವಿಚಿತ್ರ ಪದಗಳು ಮುಂದೆಯೂ ಬರುತ್ತವೆ, ಕ್ಷಮಿಸಿ. ಗೊತ್ತಿಲ್ಲದ ಊರಿನ ಉಪ್ಪಿನಕಾಯಿ ಎಂದುಕೊಂಡು ತುಸು ನೆಕ್ಕಿ ನೋಡಿ.

ನಮ್ಮೂರಿನ ನಡುವೆ ಹಸುರಂಗಳವಿದೆ. ಇಡೀ ಊರಿಗೆ ಉಳಿದಿರುವ ಹುಲ್ಲು ಅದೊಂದೇ. ಜೋಳ, ಕಡಲೆ, ಬದನೆ ಎಲ್ಲವೂ ಬಿಸಿಲು ಸೋಸುವ ಬಟ್ಟೆಯ ಕೆಳಗೆ, ನೆರಳುಹೊಲಗಳಲ್ಲಿ ಬೆಳೆಯುತ್ತವೆ. ಹುಲ್ಲು ಮಾತ್ರ ಬಯಲಲ್ಲಿ. ಹುಟ್ಟಿದ ಮಗು ತನ್ನ ಮೊದಲ ಹೆಜ್ಜೆಯನ್ನು ಅದರ ಮೇಲೆಯೇ ಇಡಬೇಕು; ಇದಕ್ಕೆ ಹಸುರಡಿ ಎನ್ನುತ್ತೇವೆ. ಅಲ್ಲಿಯವರೆಗೆ ಮಗುವಿನ ಪಾದ ನೆಲ ಸೋಕದಂತೆ ಊರೆಲ್ಲ ಸರದಿಯ ಮೇಲೆ ಎತ್ತಿಕೊಂಡು ತಿರುಗುತ್ತೇವೆ. ಹಸುರಡಿ ಇಟ್ಟವರಿಗೆ ಮಾತ್ರ ಮುಂದೆ ಹುಲ್ಲು ಕಾಯುವ ಹಕ್ಕು. ನಿಮ್ಮಲ್ಲಿ ಹುಲ್ಲು ಯಾರೂ ಕೇಳದೆ ದಾರಿಬದಿಯಲ್ಲಿ ಹುಟ್ಟುತ್ತಿತ್ತು, ನೀವು ಅದನ್ನು ಕಿತ್ತು ಎಸೆಯುತ್ತಿದ್ದಿರಿ ಎಂದು ನಮ್ಮಜ್ಜಿ ಕತೆ ಹೇಳುತ್ತಿದ್ದಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ನನ್ನ ಅಂಗಾಲು ಮಾತ್ರ ನಾನು ನೋಡದ ಆ ದಾರಿಬದಿಯನ್ನು ಇವತ್ತಿಗೂ ಹಂಬಲಿಸುತ್ತದೆ.

ಈ ಹುಲ್ಲಿಗೆ ಬೇವಿನ ಹಿಂಡಿ, ಬೂದಿ, ಕಲ್ಲಿನ ಪುಡಿ ಕಲಸಿದ ಗಂಜಿಯನ್ನು ಸಿಂಪಡಿಸುತ್ತೇವೆ. ಹೋದ ಸುಗ್ಗಿಗೆ ಹಳೆಯ ಪಂಪು ಕೆಟ್ಟಿತು. ಅದೇ ಹೊತ್ತಿಗೆ ನನ್ನ ಮೊಮ್ಮಗಳು ಮುಗಿಲವ್ವ ಬೆನ್ನು ನೆಟ್ಟಗೆ ಮಾಡಿ ಕೂರತೊಡಗಿದ್ದಳು. ತೇಲುಬಂಡಿಯ ವ್ಯಾಪಾರಿ ದಾವಲಸಾಬ ಎರಡು ಪಂಪು ತಂದ. ಅವನ ಬಂಡಿಗೆ ಗಾಲಿಯಿಲ್ಲ, ನೆಲದಿಂದ ಗೇಣು ಮೇಲೆ ತೇಲುತ್ತದೆ.

"ದೊಡ್ಡದು ಒಯ್ಯಿರಿ ಯವ್ವಾ," ಎಂದ. "ಎಲ್ಲಾ ತಾನ ವಿಚಾರ ಮಾಡ್ತೈತಿ. ನೀವು ಮಲ್ಕೊಂಡ್ರಾತು."

"ಮಲಗಾಕ ಮನ್ಯಾಗ ನನ್ನ ಗಂಡ ಅದಾನ. ಇನ್ನೊಂದು ಯಾಕೋ?" ಎಂದೆ.

ದೊಡ್ಡದನ್ನು ನಡೆಸಿ ನೋಡಿದೆವು. ಅದರ ಒತ್ತಡಕ್ಕೆ ಹನಿ ಹೊಗೆಯಂತಾಗಿ, ಗಾಳಿ ಅದನ್ನು ಹುಲ್ಲಿಗೆ ಇಳಿಯಗೊಡದೆ ಪಕ್ಕದ ನೆರಳುಹೊಲಕ್ಕೆ ಹೊತ್ತುಕೊಂಡು ಹೋಯಿತು. ಸಣ್ಣದು ಡಯಾಫ್ರಂ ಪಂಪು. ಒಳಗೊಂದು ರಬ್ಬರಿನ ಪರದೆ ಎದೆಯಂತೆ ಉಬ್ಬಿ ತಗ್ಗುತ್ತದೆ. ಪುಡಿ ಕಲಸಿದ ಗಂಜಿಗೂ ಬೇಗ ಸವೆಯುವುದಿಲ್ಲ, ಹರಿದರೆ ಊರಲ್ಲೇ ಬದಲಿಸಬಹುದು. ಒತ್ತಡ ಏರಿಸಿ ಇಳಿಸಲು ಕೈಯಿಂದ ತಿರುಗಿಸುವ ಹಿಡಿ, ಅಳತೆ ತೋರಿಸುವ ಮುಳ್ಳು, ಎಡ ಬಲಕ್ಕೆ ಬೇರೆ ಬೇರೆ ನಲ್ಲಿ. ಹನಿ ದಪ್ಪಗೆ, ಹುಲ್ಲಿನ ಬುಡಕ್ಕೇ ಬಿತ್ತು. ಅದನ್ನೇ ಆರಿಸಿದೆವು. ಆಯ್ಕೆ ಸರಿಯಾಗಿಯೇ ಇತ್ತು.

ತಪ್ಪಾದದ್ದು ಆಮೇಲೆ. ಆ ಪಂಪಿಗೆ ಒಂದು ಹಿಂಗೊಳವೆ ಇತ್ತು. ಪಂಪು ಎಳೆದ ಗಂಜಿಯಲ್ಲಿ ಒಂದು ಪಾಲು ಅದರ ಮೂಲಕ ಟ್ಯಾಂಕಿಗೇ ಹಿಂದಿರುಗುತ್ತಿತ್ತು. ಹನಿ ನೀರಿಗೆ ಕೈಮುಗಿಯುವ ಊರು ನಮ್ಮದು. ಹೊರಟ ನೀರು ಹುಲ್ಲು ಮುಟ್ಟದೆ ಮರಳಿ ಬರುವುದು ನಮ್ಮ ಕಣ್ಣಿಗೆ ಪಾಪದಂತೆ ಕಂಡಿತು.

"ಹುಲ್ಲಿನ ಬಾಯಾಗಿನ ತುತ್ತು ಕಸ್ಕೊಂಡಂಗಾತಲ್ಲೋ!" ಎಂದು ಊರ ಹಿರಿಯ ಅಡಿವೆಪ್ಪ ಕೂಗಿದ. "ಬಡೀರಿ ಬೆಣಿ!"

ಹಿಂಗೊಳವೆಯ ಬಾಯಿಗೆ ಬೆಣೆ ಬಡಿದರು, ಚಪ್ಪಾಳೆಯನ್ನೂ ತಟ್ಟಿದರು. ಮುಳ್ಳು ಕೆಂಪು ಗೆರೆ ದಾಟಿದಾಗ ಪಂಪಿನ ವೇಗ ತಗ್ಗಿಸಿ ಸಿಂಪಡಿಸಿದೆವು. ಕೆಲವು ವಾರಗಳಲ್ಲಿ ಹಸುರಂಗಳ ಒಂದೆಡೆ ಸುಟ್ಟು ಕರಕಾಯಿತು, ಇನ್ನೊಂದೆಡೆ ಬೂಷ್ಟು ಹತ್ತಿ ಬೆಳ್ಳಗಾಯಿತು. ಇತ್ತ ಮುಗಿಲವ್ವ ಕಂಡವರ ಸೊಂಟದಿಂದ ಜಾರಿ ಇಳಿಯಲು ಒದ್ದಾಡತೊಡಗಿದಳು. ಕುಂಬಳಕಾಯಿಯಂಥ ಹುಡುಗಿ, ಅಡಿವೆಪ್ಪನ ನಡುವೇ ಹಿಡಿದುಕೊಂಡಿತು. ಹುಲ್ಲು ಬರುವ ಮೊದಲೇ ಅವಳ ಕಾಲು ಕಲ್ಲಿಗೆ ತಾಗಿದರೆ ನನ್ನ ನಂತರ ಹುಲ್ಲು ಕಾಯಲು ನಮ್ಮ ಮನೆಯವರು ಯಾರೂ ಇರುವುದಿಲ್ಲ. ಅವಳನ್ನು ತೊಡೆಯ ಮೇಲೆ ಒತ್ತಿ ಹಿಡಿದು ಆ ಕರಕು ನೆಲ ನೋಡುತ್ತ ಕೂರುತ್ತಿದ್ದೆ.

ಟ್ಯಾಂಕು ತೊಳೆಯಲು ಒಳಗಿಳಿದ ಸೊಸೆ ನೀಲಗಂಗಾ ಮೊಣಕಾಲತನಕ ಕೆಸರು ಮೆತ್ತಿಕೊಂಡು ತಲೆ ಎತ್ತಿದಳು.

"ಅತ್ತೀ, ಹುಲ್ಲಿನ ಊಟೆಲ್ಲಾ ಇಲ್ಲೇ ತಳಕ್ಕ ಕುಂತೈತಿ! ಕಲಕದ ಅಂಬ್ಲಿ ಬಡಿಸೇವಿ ನಾವು. ಒಬ್ಬರಿಗೆ ಗಟ್ಟಿ, ಒಬ್ಬರಿಗೆ ಬರೇ ನೀರು."

ಆಗ ತಿಳಿಯಿತು. ಹಿಂದಿರುಗುವ ನೀರೇ ಗಂಜಿಯನ್ನು ಕಲಕುವ ಸೌಟು. ಅಡಿವೆಪ್ಪ ಬಂದು ತಾನೇ ಬೆಣೆ ಕಿತ್ತ.

ನಿನ್ನೆ ಮೂಲೆಯೊಂದರಲ್ಲಿ ಮೊರದಗಲ ಹಸಿರು ಕಂಡಿತು. ನೀಲಗಂಗಾ ಮಗುವನ್ನು ತಂದು ಅದರ ಮೇಲೆ ಇಳಿಸಿದಳು. ಊರೆಲ್ಲ ಸುತ್ತ ನೆರೆದಿತ್ತು. ಮುಗಿಲವ್ವ ಕಾಲ್ಬೆರಳುಗಳಿಂದ ಹುಲ್ಲನ್ನು ಗಟ್ಟಿಯಾಗಿ ಹಿಡಿದು ನಿಂತಳು. ಒಂದು ಹೆಜ್ಜೆ ಇಟ್ಟಳು; ಹಸುರಡಿ ಆಯಿತು. ಎರಡನೆಯ ಹೆಜ್ಜೆಗೆ ಅಲ್ಲಿ ಹುಲ್ಲು ಇರಲಿಲ್ಲ. ಎತ್ತಿದ ಕಾಲನ್ನು ಗಾಳಿಯಲ್ಲೇ ಹಿಡಿದು ನನ್ನ ಮುಖ ನೋಡಿದಳು. ಓಡಿಹೋಗಿ ಎತ್ತಿಕೊಂಡೆ.

ಆ ಎರಡನೆಯ ಹೆಜ್ಜೆಯ ಜಾಗ ನಿಮ್ಮ ಹತ್ತಿರ, ನಿಮ್ಮ ಹುಲ್ಲಿನಲ್ಲಿ ಇದೆ. ಕೈಯಿಂದ ತಿರುಗಿಸಬಹುದಾದ, ಊರಲ್ಲೇ ಬಿಚ್ಚಿ ಜೋಡಿಸಬಹುದಾದ ಪಂಪನ್ನು ಕೊಳ್ಳಿ. ಹಿಂಗೊಳವೆ ಮುಚ್ಚಬೇಡಿ. ಮನೆಗೆ ಹೋಗುವಾಗ ದಾರಿಬದಿಯಲ್ಲಿ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ, ನನ್ನ ಮುಗಿಲವ್ವನ ಪರವಾಗಿ. ಅವಳ ಕಾಲು ಇನ್ನೂ ಎತ್ತಿದಂತೆಯೇ ಇದೆ.