ಮೂರು ಲಾಳಿಯ ಅಂಚಿಗೆ ಜಾಗ

ಮೊಳಕಾಲ್ಮುರು,
14 ಜುಲೈ 2024

ನನ್ನ ಮುದ್ದಿನ ಲಕ್ಷ್ಮೀದೇವಿ ಅಕ್ಕನಿಗೆ,

ಲ್ಯಾಪ್‌ಟಾಪ್ ಬಂತು ಕಣೇ! ಬಂದು ಮೂರು ದಿನವಾದರೂ ನನ್ನ ಕಾಲು ನೆಲದ ಮೇಲೆ ನಿಂತಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪನ ಹೆಸರು ಬಂದ ಕೂಡಲೇ ನೀನು ‘ಕುಕ್ಕರ್ ಕೂಗ್ತೈತೆ’ ಅಂತ ಇಟ್ಟುಬಿಡುತ್ತೀಯ. ನಾಲ್ಕು ವರ್ಷದಿಂದ ನಿನ್ನ ಕುಕ್ಕರ್ ಕೂಗುತ್ತಲೇ ಇದೆ. ಕಾಗದಕ್ಕೆ ಆ ಆಟ ನಡೆಯುವುದಿಲ್ಲ, ಪೂರ್ತಿ ಓದು.

ಅಪ್ಪನ ಕೈ ನಡುಗುತ್ತದೆ, ದೀಪಾವಳಿಗೆ ಮಗ್ಗ ಬಿಡುತ್ತಾನೆ. ಅವನಿಗೆ ಬರುವ ಸೀರೆಯಂಚುಗಳೆಲ್ಲ ತಲೆಯಲ್ಲಿವೆಯೇ ಹೊರತು ಒಂದೂ ಕಾಗದದ ಮೇಲಿಲ್ಲ. ಅದಕ್ಕೇ ಅವನು ನೇಯುವುದನ್ನೆಲ್ಲ ವರ್ಷದಿಂದ ವಿಡಿಯೋ ಮಾಡುತ್ತಿದ್ದೇನೆ. ಹೋದ ವಾರ ಫೋನು ತುಂಬಿಹೋಯಿತು. ಹೊಸದು ಬೇಕಾದರೆ ಹಳೆಯದು ಅಳಿಸು ಅಂದಿತು. ಯಾವುದನ್ನು ಅಳಿಸಲಿ ಹೇಳು, ಹಂಸದ ಅಂಚನ್ನೋ ರುದ್ರಾಕ್ಷಿ ಅಂಚನ್ನೋ? ಅತ್ತೇಬಿಟ್ಟೆ.

ಅಪ್ಪನೇ ‘ನಡಿ, ಚಳ್ಳಕೆರೆಗೆ ಹೋಗಾನ’ ಎಂದು ಎದ್ದ. ಹೌದು, ನಿನ್ನ ಊರಿಗೇ ಬಂದಿದ್ದೆವು. ಬಸ್ಸಿಗೆ ಹೊತ್ತಾಗಿ ನಿನ್ನ ಮನೆಗೆ ಬರಲಾಗಲಿಲ್ಲ, ಬೈಯಬೇಡ.

ಅಂಗಡಿಯಲ್ಲಿ ಅಪ್ಪನ ವೈಭವ ನೀನು ನೋಡಬೇಕಿತ್ತು! ಮುಂದಿಟ್ಟ ನಾಲ್ಕು ಲ್ಯಾಪ್‌ಟಾಪನ್ನೂ ಒಂದೊಂದಾಗಿ ಅಂಗೈಯಲ್ಲಿ ತೂಗಿ, ಎಲ್ಲಕ್ಕಿಂತ ಭಾರದ್ದನ್ನು ಎತ್ತಿ ‘ಇದ್ ಕೊಡ್ರಿ, ಇದ್ರಾಗೆ ಮಾಲೈತೆ’ ಅಂದ. ರೇಷ್ಮೆ, ಜರಿ ತೂಗಿದ ಕೈ ಅಲ್ಲವೇ! ಅಂಗಡಿಯ ದುರುಗೇಶ್ ನಗು ತಡೆದುಕೊಂಡು, ಇಲ್ಲಿ ಹಗುರವಾದಷ್ಟೂ ರೇಟು ಜಾಸ್ತಿ ಅಂದರು. ಅಪ್ಪನಿಗೆ ಅವಮಾನವೇ ಆಯಿತು.

ಸುಮ್ಮನಿರುವ ಆಸಾಮಿಯೇ? ಚೀಲದಿಂದ ರಾಣಿ ಬಣ್ಣದ ಸೀರೆಯ ತುಂಡು ತೆಗೆದ. ಅದರ ಫೋಟೋವನ್ನು ನಾಲ್ಕೂ ಲ್ಯಾಪ್‌ಟಾಪಿನಲ್ಲಿ ಹಾಕಿಸಿ, ತುಂಡನ್ನು ಪಕ್ಕಕ್ಕೆ ಹಿಡಿದ. ಕೀಲಿಗಳಲ್ಲಿ ಕೆಂಪು ಹಸಿರು ದೀಪ ಉರಿಯುವ, ಗೇಮ್ ಆಡುವವರ ಲ್ಯಾಪ್‌ಟಾಪಿನಲ್ಲಿ ನಮ್ಮ ಕಡುಗುಲಾಬಿ ರಾಣಿ ಬಣ್ಣ ಬದನೆಕಾಯಿಯಾಗಿತ್ತು. ‘ಇದು ಸುಳ್ಳು ಹೇಳ್ತೈತೆ’ ಎಂದು ದೂಡಿದ. ಮೂರನೆಯದರಲ್ಲಿ ಬಣ್ಣ ಹಾಗೇ ಕೂತಿತ್ತು. ‘ಬಾಗುಂದಿ’ ಅಂದ. ತೆಲುಗು ಬಾಯಿಗೆ ಬಂತೆಂದರೆ ಅವನಿಗೆ ನಿಜವಾಗಿ ಮೆಚ್ಚುಗೆಯಾಗಿದೆ ಎಂದೇ ಲೆಕ್ಕ. ವಿಡಿಯೋ ಕತ್ತರಿಸಿ ಜೋಡಿಸುವವರು ಮೊದಲು ಬಣ್ಣವನ್ನೇ ನೋಡಬೇಕು, ನಿಮ್ಮಪ್ಪ ನನಗಿಂತ ಚೆನ್ನಾಗಿ ಆರಿಸಿದರು ಎಂದು ದುರುಗೇಶ್ ಒಪ್ಪಿಕೊಂಡರು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು.

ಆದರೆ ಅದರೊಳಗೆ ಇದ್ದ ಜಾಗ ನಮ್ಮ ವಿಡಿಯೋಗಳಿಗೆ ಸಾಲುತ್ತಿರಲಿಲ್ಲ. ದುರುಗೇಶ್ ತಳ ಬಿಚ್ಚಿದರೆ ಒಳಗೆ ಇನ್ನೊಂದು ಖಾಲಿ ಸ್ಲಾಟು! ಬೆರಳುದ್ದದ ಒಂದು ಟಿಬಿ ಎಸ್‌ಎಸ್‌ಡಿ ಕೂರಿಸಿ ಒಂದು ಸ್ಕ್ರೂ ಬಿಗಿದರು, ಮುಗಿಯಿತು. ನಮ್ಮ ಮಗ್ಗದ ಮನೆ ಪೂರ್ತಿ ಹಿಡಿಯುವಷ್ಟು ಜಾಗ ಅಕ್ಕ!

ಫೋನಿನಿಂದ ಎಲ್ಲ ಅದಕ್ಕೆ ಹಾಕಿದ ಮೇಲೆ, ಇನ್ನು ಫೋನಿನದು ಅಳಿಸಿ ಅಂದರು ದುರುಗೇಶ್. ನಾನು ಇನ್ನೇನು ಒತ್ತಬೇಕು, ಅಷ್ಟರಲ್ಲಿ ಅಪ್ಪ ಕೈ ಹಿಡಿದ. ‘ಹೊಸ ಹಾಸಿನ ಎಳೆ ಎಲ್ಲಾ ಕೆಚ್ಚಿ ಮುಗಿಯೋಗಂಟ ಹಳೇ ತುದಿ ಬಿಚ್ತಾರೇನೇ?’ ನಿನಗೇ ಗೊತ್ತಲ್ಲ, ಕೆಚ್ಚುವಾಗ ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯದರ ತುದಿಗೆ ಹೊಸೆದು ಗಂಟು ಬಿದ್ದಿದೆಯೋ ಎಂದು ಎಳೆದು ನೋಡುವ ಅವನ ಶಾಸ್ತ್ರ. ಹಾಗೇ ಒಂದೊಂದೇ ವಿಡಿಯೋವನ್ನು ವೇಗವಾಗಿ ಕೊನೆಯವರೆಗೂ ಓಡಿಸಿ ನೋಡಿಸಿದ. ಇಪ್ಪತ್ತೆರಡನೆಯದು ಅರ್ಧಕ್ಕೇ ನಿಂತಿತು! ಅದೇ ರುದ್ರಾಕ್ಷಿ. ಅಳಿಸಿದ್ದರೆ ಮಣ್ಣುಪಾಲಾಗುತ್ತಿತ್ತು. ಮತ್ತೆ ಹಾಕಿದೆವು, ಈಗ ಅದೂ ಭದ್ರ.

ಮೂವತ್ತೊಂದು ಅಂಚು ಇವೆ. ಅಪ್ಪನ ಲೆಕ್ಕದಲ್ಲಿ ಒಂದು ಕಡಿಮೆ, ಮೂರು ಲಾಳಿಯದು. ಅದಕ್ಕೆ ಎರಡು ಜೊತೆ ಕೈ ಬೇಕು. ಅವನ ಎಡಕ್ಕೆ ಕೂತು ಆ ಕಡೆಯ ಲಾಳಿ ಎಸೆಯುತ್ತಿದ್ದವಳು ನೀನು. ಹೋಗಲಿ ಬಿಡು, ಉಳಿದದ್ದು ಸಿಕ್ಕಿತಲ್ಲ. ಪ್ರಭು ಭಾವನಿಗೆ ನಮಸ್ಕಾರ ಹೇಳು.

ಕುಣಿದು ಕುಣಿದು ಸುಸ್ತಾದ ನಿನ್ನ ತಂಗಿ,
ಶ್ರೀವಾಣಿ

ತಾಜಾಕಲಂ: ‘ಹೋಗಲಿ ಬಿಡು’ ಅಂದದ್ದು ಸುಳ್ಳು. ಬಸ್ಸಿಗೆ ಹೊತ್ತಾಗಿದ್ದೂ ಸುಳ್ಳು. ಅಪ್ಪ ನಿಮ್ಮ ಬೀದಿಯ ತಿರುವಿನಲ್ಲಿ ಅರ್ಧ ಗಂಟೆ ನಿಂತು ನಿನ್ನ ಬಾಗಿಲು ನೋಡಿದ. ನಿನ್ನ ಮದುವೆಗೆ ಬರದಿದ್ದವನು ಈಗ ಯಾವ ಮುಖ ಹೊತ್ತು ಹೋಗಲಿ ಎಂದು ವಾಪಸಾದ. ಮಾರನೆಯ ಬೆಳಿಗ್ಗೆಯೇ ಮೂರು ಲಾಳಿಯ ಅಂಚಿಗೆಂದು ದೊಡ್ಡ ಮಗ್ಗಕ್ಕೆ ಹೊಸ ಹಾಸು ಏರಿಸಿದ್ದಾನೆ. ನಾನು ಎಡಕ್ಕೆ ಕೂರಲು ಹೋದರೆ ಎಬ್ಬಿಸಿದ. ‘ಅದು ನಿನ್ ಜಾಗ ಅಲ್ಲ. ದೊಡ್ಡೋಳಿಗೆ ಬರಿ. ಪ್ರಭುನೂ ಬರ್ಲಿ ಅನ್ನು, ವಿಡಿಯೋಗೆ ಲೈಟು ಹಿಡಿಯಾಕೆ ಮನೆಯೋರು ಒಬ್ರು ಬೇಕಲ್ಲ.’