ನ್ಯಾನೋ ಮೇಳದಲ್ಲಿ ಗೆದ್ದ ಗೊಂಚಲು

ಐಗಳಿಯ ದ್ರಾಕ್ಷಿ ಸಾಮ್ರಾಜ್ಯದ ಏಕಛತ್ರಾಧಿಪತಿ ವಿರುಪಾಕ್ಷಪ್ಪ ಕಾಕಾನವರ ದಿವ್ಯ ಪಾದಗಳಿಗೆ,

ಬೆಂಗಳೂರಿನಿಂದ ಮಲ್ಲೇಶನ ಸಾಷ್ಟಾಂಗ ನಮಸ್ಕಾರ. ಗೆದ್ದೆವು! ರಾಜ್ಯದಲ್ಲಿ ನ್ಯಾನೋ ಉದ್ಯಮ ಬೆಳೆಸಲು ಸರ್ಕಾರ ನಡೆಸಿದ ಮೇಳದಲ್ಲಿ, ಕೂದಲಿಗಿಂತ ಸಾವಿರ ಪಟ್ಟು ತೆಳ್ಳಗಿನ ಲೇಪ ಹಚ್ಚಿದ ದ್ರಾಕ್ಷಿ ತಿಂಗಳಾದರೂ ಬಾಡದೆ ಫಳಫಳ ಹೊಳೆಯುವುದನ್ನು ಕಣ್ಣಾರೆ ಕಂಡೆ. ಈ ಲೇಪದ ಮೊದಲ ಪ್ರಯೋಗಕ್ಕೆ ತೋಟ ಆರಿಸಲು ಅಧಿಕಾರಿಗಳು ಎಲ್ಲರ ದ್ರಾಕ್ಷಿಯನ್ನೂ ತಿಂದು ನೋಡಿದರು. ನಾನಿಟ್ಟ ಗೊಂಚಲು ಸವಿದವರೇ, "ಏನು ಸಿಹಿ! ಯಾರ ತೋಟದ್ದಪ್ಪಾ?" ಎಂದರು.

"ನಮ್ಮ ಐಗಳಿ ಕಾಕಾಂದ್ರೀ ಸಾಹೇಬ್ರ!" ಎಂದೆ, ಎದೆಯುಬ್ಬಿಸಿ. ಹದಿನೈದು ದಿನದಲ್ಲಿ ಲೇಪದ ಪ್ರಯೋಗಕ್ಕೆ ನಿಮ್ಮ ತೋಟಕ್ಕೇ ಬರುತ್ತಾರಂತೆ.

ಹೊಟ್ಟೆ ಮಾತ್ರ ಎರಡು ದಿನದಿಂದ ಕೆಟ್ಟಿದೆ. ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು, ಇಷ್ಟೇ ಹೇಳುತ್ತೇನೆ: ಮೇಳಕ್ಕೆಂದು ನೀವು ಕಟ್ಟಿಕೊಟ್ಟ ದ್ರಾಕ್ಷಿ ಬುಟ್ಟಿಯನ್ನು ರೈಲು ರಾಯಬಾಗ ದಾಟುವುದರೊಳಗೆ ನಾನೇ ಖಾಲಿ ಮಾಡಿದ್ದೆ. ಅಧಿಕಾರಿಗಳು ತಿಂದದ್ದು ಇಲ್ಲಿಯ ಮಾರುಕಟ್ಟೆಯಲ್ಲಿ ಕೊಂಡ ದ್ರಾಕ್ಷಿ. ಯಾರ ತೋಟದ್ದೋ, ನನಗೂ ಗೊತ್ತಿಲ್ಲ.